ಅರ್ಜಿ, ಕಡತ ಮತ್ತು ಭೂ ದಾಖಲೆಗಳ ಸ್ಥಿತಿಯನ್ನು ಪರಿಶೀಲಿಸುವ ಕ್ರಮ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕಂದಾಯ ಇಲಾಖೆಯ ಸೇವೆಗಳಿಗಾಗಿ ಅರ್ಜಿ ಸಲ್ಲಿಸಿದ ಸಾರ್ವಜನಿಕರು ತಮ್ಮ ಅರ್ಜಿಯು ಯಾವ ಹಂತದಲ್ಲಿದೆ ಎಂಬುದನ್ನು ತಿಳಿಯಲು ನಾಡಕಚೇರಿ, ತಾಲ್ಲೂಕು ಕಚೇರಿ ಹಾಗೂ ಉಪವಿಭಾಗಾಧಿಕಾರಿಗಳ ಕಚೇರಿಗೆ ಪದೇ ಪದೇ ಭೇಟಿ ನೀಡುವುದು ಸಾಮಾನ್ಯವಾಗಿದೆ. ರಾಯಲಪಾಡು ಅಥವಾ ತಾಯಲೂರಿನಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗಲು ಒಂದು ದಿನದ ಕೂಲಿ ಮತ್ತು ಬಸ್ಸಿನ ವೆಚ್ಚ ತಗಲುತ್ತದೆ. ಹೀಗೆ ಬಂದವರಿಗೆ "ಕಡತ ಚಾಲ್ತಿಯಲ್ಲಿದೆ" ಎಂಬ ಒಂದೇ ಉತ್ತರ ದೊರೆತಲ್ಲಿ ಅದರಿಂದ ಪ್ರಯೋಜನವಾಗುವುದಿಲ್ಲ.

ಕಡತದ ಸ್ಥಿತಿ ಎಂಬುದು ಒಂದೇ ಪದದಲ್ಲಿ ಹೇಳಬಹುದಾದ ವಿಷಯವಲ್ಲ. ಕಡತ ಇದೆಯೇ, ಸರಿಯಾದ ಸ್ಥಳದಲ್ಲಿದೆಯೇ, ಪೂರ್ಣವಾಗಿದೆಯೇ, ಯಾರ ಬಳಿ ಇದೆ, ಅದರಲ್ಲಿನ ಇತ್ತೀಚಿನ ನಮೂದು ಯಾವುದು ಎಂಬ ಐದು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ದಿನಾಂಕ ಸಹಿತ ಉತ್ತರ ಪಡೆದಾಗ ಮಾತ್ರ ಸ್ಥಿತಿಯು ತಿಳಿದಂತಾಗುತ್ತದೆ. ಮೇಲ್ಮನವಿ ಮತ್ತು ಆಕ್ಷೇಪಣೆಗಳಿಗೆ ಕಾನೂನಿನಲ್ಲಿ ಕಾಲಮಿತಿ ಇರುವುದರಿಂದ, ಸ್ಥಿತಿಯನ್ನು ತಪ್ಪಾಗಿ ತಿಳಿದ ಅರ್ಜಿದಾರರು ತಮ್ಮ ಹಕ್ಕನ್ನು ಚಲಾಯಿಸುವ ಅವಕಾಶವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಅರ್ಜಿ, ಕಡತ, ವಹಿ ಮತ್ತು ದಾಖಲೆ

ಈ ನಾಲ್ಕು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಅವುಗಳ ವ್ಯತ್ಯಾಸ ಈ ಕೆಳಕಂಡಂತಿದೆ.

ಅರ್ಜಿ: ಸಾರ್ವಜನಿಕರು ಸಲ್ಲಿಸುವ ಕೋರಿಕೆ. ಇದಕ್ಕೆ ಸ್ವೀಕೃತಿ ಸಂಖ್ಯೆ ಇರುತ್ತದೆ.

ಕಡತ: ಅರ್ಜಿ, ಲಗತ್ತುಗಳು, ವರದಿಗಳು ಮತ್ತು ಟಿಪ್ಪಣಿ ಹಾಳೆಗಳನ್ನು ಒಟ್ಟುಗೂಡಿಸಿ ಕಚೇರಿಯಲ್ಲಿ ತೆರೆಯಲಾಗುವ ಕಟ್ಟು. ಇದಕ್ಕೆ ಪ್ರತ್ಯೇಕ ಕಡತ ಸಂಖ್ಯೆ ಇರುತ್ತದೆ. ಇ-ಆಫೀಸ್ ಅಳವಡಿಸಿರುವ ಕಚೇರಿಗಳಲ್ಲಿ ಇದು ಗಣಕಯಂತ್ರದಲ್ಲಿಯೇ ಇರುತ್ತದೆ.

ವಹಿ: ಅನೇಕ ಪ್ರಕರಣಗಳ ವಿವರವನ್ನು ಅನುಕ್ರಮವಾಗಿ ನಮೂದಿಸುವ ಪುಸ್ತಕ ಅಥವಾ ಅದರ ಗಣಕೀಕೃತ ರೂಪ. ಟಪ್ಪಾಲು ವಹಿ ಮತ್ತು ಮ್ಯುಟೇಷನ್ ವಹಿ ಇದಕ್ಕೆ ಉದಾಹರಣೆ.

ದಾಖಲೆ: ಪ್ರಕ್ರಿಯೆ ಮುಗಿದ ನಂತರ ಉಳಿಯುವ ಅಧಿಕೃತ ನಮೂದು ಅಥವಾ ಪತ್ರ. ಪಹಣಿ, ಜಾತಿ ಪ್ರಮಾಣ ಪತ್ರ, ಭೂಮಾಪನ ನಕ್ಷೆ ಮುಂತಾದವು ಈ ವರ್ಗಕ್ಕೆ ಸೇರುತ್ತವೆ.

ಅರ್ಜಿ ಇದ್ದ ಮಾತ್ರಕ್ಕೆ ಕಡತ ತೆರೆಯಲಾಗಿದೆ ಎಂದು ಅರ್ಥವಲ್ಲ. ಹಾಗೆಯೇ ಕಡತದಲ್ಲಿ ಆದೇಶವಾದ ಮಾತ್ರಕ್ಕೆ ದಾಖಲೆ ಬದಲಾಗಿದೆ ಎಂದೂ ಅರ್ಥವಲ್ಲ. ಆದೇಶವನ್ನು ಭೂಮಿ ತಂತ್ರಾಂಶದಲ್ಲಿ ಜಾರಿಗೊಳಿಸಿದ ನಂತರವೇ ಪಹಣಿಯಲ್ಲಿ ಹೊಸ ಹೆಸರು ಕಾಣುತ್ತದೆ. ಆದ್ದರಿಂದ ವಿಚಾರಿಸುವಾಗ ಯಾವುದರ ಸ್ಥಿತಿಯನ್ನು ಕೇಳಲಾಗುತ್ತಿದೆ ಎಂಬುದನ್ನು ಮೊದಲು ಸ್ಪಷ್ಟಪಡಿಸತಕ್ಕದ್ದು.

3. ಪರಿಶೀಲಿಸಬೇಕಾದ ಐದು ಅಂಶಗಳು

3.1 ಅರ್ಜಿಯು ಇದೆಯೇ?

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳಿಗೆ ಅರ್ಜಿ ಸಲ್ಲಿಸಿದ ಕೂಡಲೇ 15 ಅಂಕಿ-ಅಕ್ಷರಗಳ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ಈ ವ್ಯವಸ್ಥೆಯು 2012ರ ಏಪ್ರಿಲ್ ತಿಂಗಳಿನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದಿತು. ಸ್ವೀಕೃತಿ ಇಲ್ಲದೆ ಕೈಯಲ್ಲಿ ಕೊಟ್ಟು ಬಂದ ಕಾಗದಕ್ಕೆ ಕಾಲಮಿತಿಯ ಲೆಕ್ಕ ಇರುವುದಿಲ್ಲ ಮತ್ತು ಅದನ್ನು ಯಾವ ವಹಿಯಲ್ಲಿಯೂ ಹುಡುಕಲು ಸಾಧ್ಯವಾಗುವುದಿಲ್ಲ.

ಸಕಾಲ ವ್ಯಾಪ್ತಿಗೆ ಬಾರದ ಮನವಿಗಳನ್ನು ಟಪ್ಪಾಲು ಶಾಖೆಯಲ್ಲಿ ನೀಡಿ, ತಮ್ಮ ಬಳಿ ಉಳಿಯುವ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಟಪ್ಪಾಲು ಸಂಖ್ಯೆಯನ್ನು ಹಾಕಿಸಿಕೊಳ್ಳತಕ್ಕದ್ದು. ಅಂಚೆಯ ಮೂಲಕ ಕಳುಹಿಸುವವರು ನೋಂದಾಯಿತ ಸೇವೆಯ ರಸೀದಿಯನ್ನು ಕಾಯ್ದಿರಿಸಿಕೊಳ್ಳುವುದು ಸೂಕ್ತ.

3.2 ಸರಿಯಾದ ಸ್ಥಳದಲ್ಲಿ ಹುಡುಕಲಾಗಿದೆಯೇ?

ಭೂಮಿ ತಂತ್ರಾಂಶದಲ್ಲಿ ಒಂದು ಜಮೀನಿನ ಪಹಣಿಯನ್ನು ತಲುಪಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನಾಕ್ ಮತ್ತು ಹಿಸ್ಸಾ ನಂಬರ್ ಎಂಬ ಹಂತಗಳನ್ನು ದಾಟಬೇಕು. ಇವುಗಳಲ್ಲಿ ಒಂದು ತಪ್ಪಾದರೂ "ದಾಖಲೆ ಲಭ್ಯವಿಲ್ಲ" ಎಂಬ ಉತ್ತರ ಬರುತ್ತದೆ. ಆ ಸ್ಥಳದಲ್ಲಿ ದಾಖಲೆ ಇಲ್ಲ ಎಂಬುದಷ್ಟೇ ಅದರ ಅರ್ಥ. ದಾಖಲೆಯೇ ಇಲ್ಲವೆಂದು ಭಾವಿಸಬಾರದು.

ಈ ಭಾಗದ ತಾಲ್ಲೂಕುಗಳಲ್ಲಿ ಗಮನಿಸಬೇಕಾದ ಅಂಶಗಳು:

ಅ) ಹೋಬಳಿ: ವಾಸವಿರುವ ಗ್ರಾಮ ಮತ್ತು ಜಮೀನಿರುವ ಗ್ರಾಮ ಬೇರೆ ಬೇರೆ ಹೋಬಳಿಗೆ ಸೇರಿರಬಹುದು. ಕೋಲಾರ ತಾಲ್ಲೂಕಿನ ವೇಮಗಲ್ ಮತ್ತು ನರಸಾಪುರ, ಮಾಲೂರು ತಾಲ್ಲೂಕಿನ ಮಾಸ್ತಿ, ಲಕ್ಕೂರು ಮತ್ತು ಟೇಕಲ್, ಮುಳಬಾಗಿಲು ತಾಲ್ಲೂಕಿನ ಆವಣಿ, ಬೈರಕೂರು, ದುಗ್ಗಸಂದ್ರ ಮತ್ತು ತಾಯಲೂರು, ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು, ರೋಣೂರು, ನೆಲವಂಕಿ ಮತ್ತು ರಾಯಲಪಾಡು ಮುಂತಾದ ಹೋಬಳಿಗಳಲ್ಲಿ ಯಾವುದು ಎಂಬುದನ್ನು ಹಳೆಯ ಪಹಣಿ ಅಥವಾ ಕಂದಾಯ ರಸೀದಿಯಿಂದ ಖಚಿತಪಡಿಸಿಕೊಳ್ಳಬೇಕು.

ಆ) ಬೇಚಿರಾಗ್ ಗ್ರಾಮಗಳು: ಜನವಸತಿ ಇಲ್ಲದ, ಆದರೆ ಕಂದಾಯ ದಾಖಲೆಯಲ್ಲಿ ಪ್ರತ್ಯೇಕ ಗ್ರಾಮವೆಂದು ನಮೂದಾಗಿರುವ ಗ್ರಾಮಗಳಿಗೆ ಬೇಚಿರಾಗ್ ಗ್ರಾಮ ಎನ್ನುತ್ತಾರೆ. ಇಂತಹ ಗ್ರಾಮದ ಜಮೀನನ್ನು ಪಕ್ಕದ ಊರಿನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇ) ಗ್ರಾಮದ ಹೆಸರಿನ ಬರವಣಿಗೆ: ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಜನರು ಮಾತಿನಲ್ಲಿ "ಪಲ್ಲಿ" ಎನ್ನುವ ಕೆಲವು ಊರುಗಳ ಹೆಸರು ದಾಖಲೆಯಲ್ಲಿ "ಹಳ್ಳಿ" ಎಂದು ಇರುವುದುಂಟು. ಪಟ್ಟಿಯಲ್ಲಿ ಎರಡೂ ರೂಪಗಳನ್ನು ನೋಡತಕ್ಕದ್ದು.

ಈ) ಜಿಲ್ಲೆಯ ವಿಭಜನೆ: 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು ಮತ್ತು ಚಿಕ್ಕಬಳ್ಳಾಪುರ ತಾಲ್ಲೂಕುಗಳು ಅದಕ್ಕೆ ಸೇರಿದವು. ಶ್ರೀನಿವಾಸಪುರ ತಾಲ್ಲೂಕಿನವರು ಚಿಂತಾಮಣಿ ತಾಲ್ಲೂಕಿನಲ್ಲಿ ಹೊಂದಿರುವ ಜಮೀನಿನ ಹಳೆಯ ಪತ್ರಗಳಲ್ಲಿ "ಕೋಲಾರ ಜಿಲ್ಲೆ" ಎಂದೇ ಇರುತ್ತದೆ. ಅಂತಹ ಜಮೀನನ್ನು ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ಅಡಿಯಲ್ಲಿ ಹುಡುಕಬೇಕು.

3.3 ಪೂರ್ಣವಾಗಿದೆಯೇ?

ಸಂಖ್ಯೆ ಇರುವ ಅರ್ಜಿಯೂ ಖಾಲಿಯಾಗಿರಬಹುದು. ಅಂದರೆ ಅರ್ಜಿ ನೋಂದಣಿಯಾಗಿದ್ದು ಲಗತ್ತುಗಳು ಇಲ್ಲದಿರಬಹುದು, ಸ್ಕ್ಯಾನ್ ಮಾಡಿದ ಪ್ರತಿಯು ಓದಲು ಬಾರದಿರಬಹುದು, ಅಥವಾ ಬೇರೊಬ್ಬರ ಪತ್ರ ಸೇರಿರಬಹುದು. ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿಯಲ್ಲಿ ಈ ಕೆಳಗಿನವುಗಳನ್ನು ಓದಿ ನೋಡಬೇಕು.

- ಅರ್ಜಿದಾರರ ಹೆಸರು, ತಂದೆ ಅಥವಾ ಗಂಡನ ಹೆಸರು
- ಕೋರಿದ ಸೇವೆಯ ಹೆಸರು
- ಲಗತ್ತಿಸಿದ ದಾಖಲೆಗಳ ಪಟ್ಟಿ
- ಸೇವೆ ಒದಗಿಸಬೇಕಾದ ಕಡೆಯ ದಿನಾಂಕ
- ಮೊಬೈಲ್ ಸಂಖ್ಯೆ

ಮೊಬೈಲ್ ಸಂಖ್ಯೆಯ ಒಂದು ಅಂಕಿ ತಪ್ಪಿದ್ದರೂ ಸ್ಥಿತಿಯ ಬಗ್ಗೆ ಬರುವ ಸಂದೇಶಗಳು ಅರ್ಜಿದಾರರನ್ನು ತಲುಪುವುದಿಲ್ಲ. ಸೇವಾ ಕೇಂದ್ರದ ಮೂಲಕ ಅರ್ಜಿ ಸಲ್ಲಿಸುವವರು ಕೇಂದ್ರದವರ ಸಂಖ್ಯೆಯ ಬದಲು ತಮ್ಮದೇ ಸಂಖ್ಯೆಯನ್ನು ನಮೂದಿಸಲು ತಿಳಿಸಬೇಕು.

3.4 ಯಾರ ಬಳಿ ಇದೆ? ಯಾರಿಗೆ ಅಧಿಕಾರವಿದೆ?

ಕಡತವನ್ನು ನೋಡಬಲ್ಲವರು, ಅದರಲ್ಲಿ ಬರೆಯಬಲ್ಲವರು ಮತ್ತು ಆದೇಶ ಮಾಡಬಲ್ಲವರು ಬೇರೆ ಬೇರೆ. ಸಾಮಾನ್ಯವಾಗಿ ಗ್ರಾಮ ಆಡಳಿತ ಅಧಿಕಾರಿಯು ಸ್ಥಳ ಪರಿಶೀಲನೆ ನಡೆಸಿ ವರದಿ ನೀಡುತ್ತಾರೆ. ರಾಜಸ್ವ ನಿರೀಕ್ಷಕರು ಅದನ್ನು ಪರಿಶೀಲಿಸಿ ಶಿಫಾರಸು ಮಾಡುತ್ತಾರೆ. ಕಚೇರಿಯಲ್ಲಿ ವಿಷಯ ನಿರ್ವಾಹಕರು ಟಿಪ್ಪಣಿ ಮಂಡಿಸುತ್ತಾರೆ, ಶಿರಸ್ತೇದಾರರು ಪರಿಶೀಲಿಸುತ್ತಾರೆ. ಆದೇಶವು ಸೇವೆಗೆ ಅನುಗುಣವಾಗಿ ಉಪ ತಹಶೀಲ್ದಾರ್, ತಹಶೀಲ್ದಾರ್ ಅಥವಾ ಮೇಲಿನ ಅಧಿಕಾರಿಯಿಂದ ಆಗುತ್ತದೆ.

ವರದಿ ಬಾಕಿ ಇರುವಾಗ ತಹಶೀಲ್ದಾರರನ್ನು ಭೇಟಿಯಾಗುವುದರಿಂದ, ಅಥವಾ ಆದೇಶ ಬಾಕಿ ಇರುವಾಗ ಗ್ರಾಮ ಆಡಳಿತ ಅಧಿಕಾರಿಯನ್ನು ಹುಡುಕಿಕೊಂಡು ಹೋಗುವುದರಿಂದ ಕೆಲಸ ಮುಂದುವರಿಯುವುದಿಲ್ಲ. ಆದ್ದರಿಂದ ಕಡತವು ಯಾರ ಹಂತದಲ್ಲಿ, ಯಾವ ದಿನಾಂಕದಿಂದ, ಯಾವ ಕಾರಣಕ್ಕೆ ಇದೆ ಎಂದು ಕೇಳಬೇಕು. ಭೂಮಿ ತಂತ್ರಾಂಶದಲ್ಲಿ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡುವ ವ್ಯವಸ್ಥೆ ಇರುವುದರಿಂದ, ತಮ್ಮ ಅರ್ಜಿಗಿಂತ ಮುಂಚಿನ ಅರ್ಜಿಗಳು ಬಾಕಿ ಇವೆಯೇ ಎಂಬುದನ್ನೂ ವಿಚಾರಿಸಬಹುದು.

3.5 ಯಾವುದು ಇತ್ತೀಚಿನದು?

ಎರಡು ದಾಖಲೆಗಳು ಪರಸ್ಪರ ಹೊಂದದಿದ್ದಾಗ ಮೊದಲು ಅವುಗಳ ದಿನಾಂಕಗಳನ್ನು ಹೋಲಿಸಬೇಕು. ಮನೆಯಲ್ಲಿರುವ ಪಹಣಿಯು ಹಿಂದಿನ ವರ್ಷದ್ದಾಗಿದ್ದು, ಅದರ ನಂತರ ಮ್ಯುಟೇಷನ್ ಆಗಿದ್ದಲ್ಲಿ, ಆ ಪ್ರತಿಯು ಸಹಿ ಮೊಹರು ಸಹಿತ ಇದ್ದರೂ ಇಂದಿನ ಸ್ಥಿತಿಯನ್ನು ತೋರಿಸುವುದಿಲ್ಲ.

4. ಸ್ಥಿತಿಯನ್ನು ಸೂಚಿಸುವ ಪದಗಳ ಅರ್ಥ

ಜಾಲತಾಣ, ಮೊಬೈಲ್ ಸಂದೇಶ ಮತ್ತು ಕಚೇರಿಯ ಉತ್ತರಗಳಲ್ಲಿ ಬಳಕೆಯಾಗುವ ಪದಗಳನ್ನು ಈ ರೀತಿ ತಿಳಿಯತಕ್ಕದ್ದು.

ಸ್ವೀಕರಿಸಲಾಗಿದೆ: ಅರ್ಜಿಯು ನೋಂದಣಿಯಾಗಿದೆ. ಅದರಲ್ಲಿನ ವಿವರಗಳು ಸರಿ ಇವೆ ಎಂದು ಒಪ್ಪಿದಂತಲ್ಲ.

ಚಾಲ್ತಿಯಲ್ಲಿದೆ, ಪ್ರಗತಿಯಲ್ಲಿದೆ: ಯಾವುದೋ ಹಂತದಲ್ಲಿ ಬಾಕಿ ಇದೆ. ಯಾರ ಹಂತದಲ್ಲಿ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು.

ಹೆಚ್ಚುವರಿ ದಾಖಲೆ ಕೋರಿದೆ: ಅರ್ಜಿದಾರರು ಕ್ರಮ ಕೈಗೊಳ್ಳಬೇಕಾಗಿದೆ. ನಿಗದಿತ ದಿನದೊಳಗೆ ಒದಗಿಸದಿದ್ದಲ್ಲಿ ಅರ್ಜಿ ತಿರಸ್ಕೃತವಾಗಬಹುದು.

ತಕರಾರು: ಯಾರೋ ಆಕ್ಷೇಪಣೆ ಸಲ್ಲಿಸಿದ್ದಾರೆ. ಪ್ರಕರಣವು ವಿಚಾರಣೆಗೆ ಒಳಪಡುತ್ತದೆ. ವಿಚಾರಣೆಯ ದಿನಾಂಕವನ್ನು ತಿಳಿದು ಹಾಜರಾಗಬೇಕು.

ವಿಲೇವಾರಿ: ಕಚೇರಿಯ ಮಟ್ಟದಲ್ಲಿ ಕಡತ ಮುಗಿದಿದೆ. ಅನುಮೋದನೆಯಾದ ಅರ್ಜಿಯೂ ವಿಲೇವಾರಿಯೇ, ತಿರಸ್ಕೃತವಾದ ಅರ್ಜಿಯೂ ವಿಲೇವಾರಿಯೇ.

ಹಿಂಬರಹ ನೀಡಲಾಗಿದೆ: ಕಚೇರಿಯು ಲಿಖಿತ ಉತ್ತರ ನೀಡಿದೆ. ಬಹುತೇಕ ಸಂದರ್ಭಗಳಲ್ಲಿ ಇದು ಕೋರಿಕೆಯನ್ನು ಒಪ್ಪಲಾಗಿಲ್ಲ ಎಂಬುದಕ್ಕೆ ಕಾರಣ ತಿಳಿಸುವ ಪತ್ರವಾಗಿರುತ್ತದೆ.

ಇವುಗಳಲ್ಲಿ "ವಿಲೇವಾರಿ" ಎಂಬ ಪದದಿಂದ ಹೆಚ್ಚಿನ ತೊಂದರೆಯಾಗುತ್ತದೆ. ಕೆಲಸ ಆಯಿತೆಂದು ಭಾವಿಸಿ ಸುಮ್ಮನಿದ್ದವರಿಗೆ, ಅರ್ಜಿಯು ತಿರಸ್ಕೃತವಾಗಿ ಮೇಲ್ಮನವಿಯ ಅವಧಿಯೂ ಮುಗಿದಿರುವುದು ನಂತರ ತಿಳಿಯುತ್ತದೆ. ವಿಲೇವಾರಿ ಎಂದು ಕಂಡ ದಿನವೇ ಆದೇಶದ ಅಥವಾ ಹಿಂಬರಹದ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು.

5. ಪಹಣಿಯ ಸ್ಥಿತಿಯನ್ನು ಓದುವ ಬಗೆ

ಭೂಮಿ ಯೋಜನೆಯಡಿ ರಾಜ್ಯದ ಕೈಬರಹದ ಪಹಣಿಗಳನ್ನು ಗಣಕೀಕರಣಗೊಳಿಸಲಾಗಿದ್ದು, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಈ ವ್ಯವಸ್ಥೆಗೆ ಒಳಪಟ್ಟವು. ಪಹಣಿಯಲ್ಲಿ ಅನೇಕ ಕಾಲಂಗಳಿದ್ದು, ಅರ್ಜಿದಾರರು ಮುಖ್ಯವಾಗಿ ಇವುಗಳನ್ನು ನೋಡಬೇಕು.

ಕಾಲಂ 3: ಒಟ್ಟು ವಿಸ್ತೀರ್ಣ ಮತ್ತು ಖರಾಬು. ಕ್ರಯಪತ್ರದಲ್ಲಿನ ವಿಸ್ತೀರ್ಣದೊಂದಿಗೆ ಹೋಲಿಸಬೇಕು.

ಕಾಲಂ 9: ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ. ಜಂಟಿ ಹೆಸರುಗಳಿದ್ದಲ್ಲಿ ಎಲ್ಲವನ್ನೂ ಗಮನಿಸಬೇಕು.

ಕಾಲಂ 10: ಸ್ವಾಧೀನ ಬಂದ ಬಗೆ. ಇಲ್ಲಿ ಮ್ಯುಟೇಷನ್ ಸಂಖ್ಯೆ ಇರುತ್ತದೆ. ಹೆಸರು ಯಾವ ಆಧಾರದಿಂದ ಬಂದಿದೆ ಎಂಬುದನ್ನು ಹಿಂದಕ್ಕೆ ಹುಡುಕಲು ಇದೇ ದಾರಿ.

ಕಾಲಂ 11: ಇತರ ಹಕ್ಕುಗಳು ಮತ್ತು ಋಣಗಳು. ಬ್ಯಾಂಕ್ ಸಾಲ, ನ್ಯಾಯಾಲಯದ ತಡೆಯಾಜ್ಞೆ, ಭೂಸ್ವಾಧೀನದ ಸೂಚನೆ ಮುಂತಾದವು ಇಲ್ಲಿ ನಮೂದಾಗುತ್ತವೆ. ಸಾಲ ತೀರಿಸಿದ ನಂತರವೂ ಋಣದ ನಮೂದು ತೆಗೆಯದೆ ಉಳಿದಿರುವುದುಂಟು.

ಕಾಲಂ 12: ಸಾಗುವಳಿದಾರರು ಮತ್ತು ಬೆಳೆ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ ಹಕ್ಕು ದಾಖಲೆಯ ನಮೂದುಗಳನ್ನು, ತದ್ವಿರುದ್ಧವಾಗಿ ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಆಗುವವರೆಗೆ, ನಿಜವೆಂದು ಭಾವಿಸಲಾಗುತ್ತದೆ. ಆದ್ದರಿಂದ ತಪ್ಪು ನಮೂದನ್ನು ಹಾಗೆಯೇ ಬಿಡುವುದು ಸರಿಯಲ್ಲ. ಮಾಲೂರು ತಾಲ್ಲೂಕಿನ ಮೂಲಕ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಂತಹ ಯೋಜನೆಗಳಿಗೆ ಭೂಸ್ವಾಧೀನವಾಗುವಾಗ ನೋಟಿಸು ದಾಖಲೆಯಲ್ಲಿರುವ ಹೆಸರಿಗೆ ಬರುತ್ತದೆ. ಮೃತರಾದ ತಂದೆ ಅಥವಾ ತಾತನ ಹೆಸರೇ ಮುಂದುವರಿದಿದ್ದಲ್ಲಿ ವಾರಸುದಾರರು ಪರಿಹಾರ ಪಡೆಯುವುದು ವಿಳಂಬವಾಗುತ್ತದೆ.

ಜಮೀನಿನ ಮೇಲೆ ಹಕ್ಕು ಪಡೆದವರು ಅಧಿನಿಯಮದ ಕಲಂ 128ರಂತೆ 3 ತಿಂಗಳೊಳಗೆ ವರದಿ ಮಾಡಿಕೊಳ್ಳಬೇಕು. ನೋಂದಾಯಿತ ಪತ್ರದ ಮೂಲಕ ಹಕ್ಕು ಬಂದಲ್ಲಿ ಉಪನೋಂದಣಿ ಕಚೇರಿಯಿಂದಲೇ ಭೂಮಿ ತಂತ್ರಾಂಶಕ್ಕೆ ಮಾಹಿತಿ ರವಾನೆಯಾಗುತ್ತದೆ. ಆದರೆ ಮರಣದಿಂದ ಬಂದ ಹಕ್ಕಿಗೆ ಇಂತಹ ಪತ್ರ ಇರುವುದಿಲ್ಲವಾದ್ದರಿಂದ, ಪೌತಿ ಖಾತೆಗಾಗಿ ವಾರಸುದಾರರೇ ಅರ್ಜಿ ಸಲ್ಲಿಸತಕ್ಕದ್ದು.

ಪರಿಶೀಲಿಸಿದ ಸ್ಥಿತಿಯು ಪರಿಶೀಲಿಸಿದ ಕ್ಷಣಕ್ಕೆ ಮಾತ್ರ ಅನ್ವಯಿಸುತ್ತದೆ. ಜಮೀನು ಖರೀದಿಸುವವರು ತಿಂಗಳ ಹಿಂದೆ ಪಹಣಿ ನೋಡಿ, ಮುಂಗಡ ಕೊಟ್ಟು, ನಂತರ ನೋಂದಣಿಗೆ ಹೋಗುವ ನಡುವಿನ ಅವಧಿಯಲ್ಲಿ ಹೊಸ ಋಣ, ಮಾರಾಟ ಅಥವಾ ತಡೆಯಾಜ್ಞೆ ಸೇರಿರಬಹುದು. ಆದ್ದರಿಂದ ಪಹಣಿ, ಬಾಕಿ ಇರುವ ಮ್ಯುಟೇಷನ್‌ಗಳ ವಿವರ ಹಾಗೂ ಋಣಭಾರ ಪತ್ರಗಳನ್ನು ಒಪ್ಪಂದದ ಮುನ್ನ ಒಮ್ಮೆ, ನೋಂದಣಿಯ ದಿನ ಇನ್ನೊಮ್ಮೆ ನೋಡಬೇಕು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಖರೀದಿಸುವವರು ಭೂಮಾಪನ ಇಲಾಖೆಯ 11ಇ ನಕ್ಷೆ ಸಿದ್ಧವಾಗಿದೆಯೇ ಎಂಬುದನ್ನು ಮೋಜಿಣಿ ವ್ಯವಸ್ಥೆಯಲ್ಲಿ ಪರಿಶೀಲಿಸಬೇಕು.

6. ಅಭಿಲೇಖಾಲಯದಲ್ಲಿರುವ ಹಳೆಯ ಕಡತಗಳು

ಮುಗಿದ ಕಡತಗಳನ್ನು ವರ್ಗೀಕರಿಸಿ ಅಭಿಲೇಖಾಲಯಕ್ಕೆ ಕಳುಹಿಸಲಾಗುತ್ತದೆ. "ಎ" ವರ್ಗದ ಕಡತಗಳು ಶಾಶ್ವತವಾಗಿ ಉಳಿಯುತ್ತವೆ. ಉಳಿದ ವರ್ಗಗಳಿಗೆ ಅವಧಿ ನಿಗದಿಯಾಗಿದ್ದು, ಅದು ಮುಗಿದ ನಂತರ ನಿಯಮಾನುಸಾರ ನಾಶಪಡಿಸಬಹುದು. ಆದ್ದರಿಂದ ಹಳೆಯ ಕಡತ ಕೋರುವವರಿಗೆ ಸಿಗುವ ಉತ್ತರಗಳಲ್ಲಿ ಮೂರು ಬಗೆಗಳಿವೆ.

ಒಂದನೆಯದು, ಕಡತ ಲಭ್ಯವಿದೆ ಎಂಬುದು. ಎರಡನೆಯದು, ಅವಧಿ ಮುಗಿದು ನಾಶಪಡಿಸಲಾಗಿದೆ ಎಂಬುದು. ಈ ಸಂದರ್ಭದಲ್ಲಿ ನಾಶಪಡಿಸಿದ ಬಗ್ಗೆ ಇರುವ ನಮೂದಿನ ವಿವರ ಕೇಳಬಹುದು. ಮೂರನೆಯದು, ಹುಡುಕಲಾಗಿ ದೊರೆತಿಲ್ಲ ಎಂಬುದು. ಎರಡನೆಯ ಮತ್ತು ಮೂರನೆಯ ಉತ್ತರಗಳು ಒಂದೇ ಅಲ್ಲ. ನಾಶವಾಗಿಲ್ಲದ ಕಡತವು ಮೇಲಿನ ಕಚೇರಿಗೆ ಅಥವಾ ನ್ಯಾಯಾಲಯಕ್ಕೆ ಹೋಗಿ ಹಿಂದಿರುಗದೆ ಇರಬಹುದು. ಹಾಗಾಗಿ ಯಾವ ಉತ್ತರವಾದರೂ ಹಿಂಬರಹದ ರೂಪದಲ್ಲಿ ಪಡೆಯುವುದು ಅವಶ್ಯಕ.

ಹುಡುಕಾಟಕ್ಕೆ ಅನುಕೂಲವಾಗುವಂತೆ ಅರ್ಜಿಯಲ್ಲಿ ಕಡತ ಸಂಖ್ಯೆ ಮತ್ತು ವರ್ಷ ನೀಡಬೇಕು. ಅದು ತಿಳಿಯದಿದ್ದಲ್ಲಿ ಗ್ರಾಮ, ಸರ್ವೆ ನಂಬರ್, ಮ್ಯುಟೇಷನ್ ಸಂಖ್ಯೆ ಮತ್ತು ಅಂದಾಜು ವರ್ಷವನ್ನಾದರೂ ತಿಳಿಸಬೇಕು. ಭೂ ಸುರಕ್ಷಾ ಯೋಜನೆಯಡಿ 2024ರಿಂದ ಅಭಿಲೇಖಾಲಯಗಳ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಆರಂಭವಾಗಿದ್ದು, ಸ್ಕ್ಯಾನ್ ಆದ ಪುಟಗಳನ್ನು ಗಣಕಯಂತ್ರದಿಂದಲೇ ಪಡೆಯಬಹುದು.

7. ಅಪ್‌ಲೋಡ್ ಮಾಡುವ ಮುನ್ನ ಗಣಕಯಂತ್ರದ ಕಡತಗಳ ಪರಿಶೀಲನೆ

ಸೇವಾ ಸಿಂಧು ಮುಂತಾದ ಜಾಲತಾಣಗಳಲ್ಲಿ ಅರ್ಜಿ ಸಲ್ಲಿಸುವಾಗ ಸ್ಕ್ಯಾನ್ ಮಾಡಿದ ಪತ್ರಗಳನ್ನು ಕಡತಗಳ ರೂಪದಲ್ಲಿ ಸೇರಿಸಬೇಕಾಗುತ್ತದೆ. ಕಂಡಿಕೆ 3ರಲ್ಲಿ ಹೇಳಿದ ಪ್ರಶ್ನೆಗಳೇ ಇಲ್ಲಿಯೂ ಅನ್ವಯಿಸುತ್ತವೆ. ಆಯ್ಕೆ ಮಾಡಿದ ಹೆಸರಿನಲ್ಲಿ ಕಡತ ಇದೆಯೇ, ಅದು ಕಡತವೋ ಅಥವಾ ಕಡತಗಳನ್ನು ಇಡುವ ಫೋಲ್ಡರೋ, ಅದರ ಗಾತ್ರ ಸೊನ್ನೆಯಾಗಿಲ್ಲವಷ್ಟೇ, ತೆರೆದು ಓದಲು ಬರುತ್ತದೆಯೇ, ಇದು ಇತ್ತೀಚಿನ ಪ್ರತಿಯೇ ಎಂಬುದನ್ನು ನೋಡಬೇಕು. ಸ್ಕ್ಯಾನಿಂಗ್ ನಡುವೆ ವಿದ್ಯುತ್ ಹೋದಲ್ಲಿ ಹೆಸರು ಮಾತ್ರ ಉಳಿದು ಒಳಗೆ ಏನೂ ಇಲ್ಲದ ಕಡತ ಸೃಷ್ಟಿಯಾಗಬಹುದು.

ದಿನವೊಂದಕ್ಕೆ ಹಲವಾರು ಅರ್ಜಿಗಳನ್ನು ನಿರ್ವಹಿಸುವ ಸೇವಾ ಕೇಂದ್ರಗಳವರು ಲಿನಕ್ಸ್ ವ್ಯವಸ್ಥೆಯನ್ನು ಬಳಸುತ್ತಿದ್ದಲ್ಲಿ, ಈ ಪರಿಶೀಲನೆಯನ್ನು ಶೆಲ್ ಸ್ಕ್ರಿಪ್ಟ್ ಎಂಬ ಚಿಕ್ಕ ಆಜ್ಞಾವಳಿಗೆ ವಹಿಸಬಹುದು. ಅದರಲ್ಲಿ "ಟೆಸ್ಟ್" ಎಂಬ ಆಜ್ಞೆಯೊಂದಿಗೆ ಒಂದು ಅಡ್ಡಗೆರೆ ಮತ್ತು ಒಂದು ಅಕ್ಷರವನ್ನು ನೀಡಿದರೆ ಕಡತದ ಸ್ಥಿತಿ ತಿಳಿಯುತ್ತದೆ. "ಇ" ಅಕ್ಷರವು ಆ ಹೆಸರಿನ ಯಾವುದಾದರೂ ವಸ್ತು ಇದೆಯೇ ಎಂಬುದನ್ನು, "ಎಫ್" ಅಕ್ಷರವು ಅದು ಸಾಮಾನ್ಯ ಕಡತವೇ ಎಂಬುದನ್ನು, "ಡಿ" ಅಕ್ಷರವು ಅದು ಡೈರೆಕ್ಟರಿಯೇ, ಅಂದರೆ ಫೋಲ್ಡರೇ ಎಂಬುದನ್ನು, "ಎಸ್" ಅಕ್ಷರವು ಗಾತ್ರ ಸೊನ್ನೆಗಿಂತ ಹೆಚ್ಚಿದೆಯೇ ಎಂಬುದನ್ನು, "ಆರ್" ಮತ್ತು "ಡಬ್ಲ್ಯು" ಅಕ್ಷರಗಳು ಕ್ರಮವಾಗಿ ಓದಲು ಮತ್ತು ಬರೆಯಲು ಅನುಮತಿ ಇದೆಯೇ ಎಂಬುದನ್ನು ತಿಳಿಸುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶಗಳು:

ಅ) ಉತ್ತರವು ಹೌದು ಎಂದಾದಲ್ಲಿ ಆಜ್ಞೆಯು 0 ಅಂಕಿಯನ್ನು, ಇಲ್ಲ ಎಂದಾದಲ್ಲಿ 1 ಅಂಕಿಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಎಂದರೆ ಇಲ್ಲ ಎಂದು ತಿಳಿಯಬಾರದು.

ಆ) "ಇ" ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಕಡತ ಬಳಕೆಗೆ ಯೋಗ್ಯವೆಂದಲ್ಲ. ಖಾಲಿ ಕಡತವೂ, ಫೋಲ್ಡರೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಆದ್ದರಿಂದ "ಎಫ್", "ಎಸ್" ಮತ್ತು "ಆರ್" ಪರೀಕ್ಷೆಗಳನ್ನೂ ಮಾಡಬೇಕು.

ಇ) ಕಡತದ ಹೆಸರಿನ ನಡುವೆ ಖಾಲಿ ಜಾಗವಿದ್ದಲ್ಲಿ, ಉದ್ಧರಣ ಚಿಹ್ನೆಗಳೊಳಗೆ ಇಡದಿದ್ದರೆ ಶೆಲ್ ಅದನ್ನು ಎರಡು ಹೆಸರುಗಳೆಂದು ಓದುತ್ತದೆ.

ಈ) ಫೋಲ್ಡರಿನ ಒಳಗಿರುವ ಕಡತವನ್ನು ತಲುಪಲು ಆ ಫೋಲ್ಡರಿಗೆ "ಎಕ್ಸ್" ಅನುಮತಿ ಬೇಕು. ಅದಿಲ್ಲದಿದ್ದಲ್ಲಿ ಇರುವ ಕಡತವೂ ಇಲ್ಲವೆಂದೇ ಉತ್ತರ ಬರುತ್ತದೆ.

ಉ) ಪರೀಕ್ಷೆ ಮಾಡಿದ ನಂತರ, ಬಳಸುವ ಮುನ್ನ, ಕಡತವನ್ನು ಬೇರೊಬ್ಬರು ಅಳಿಸಿರಬಹುದು ಅಥವಾ ಬದಲಿಸಿರಬಹುದು. ಆದ್ದರಿಂದ ಅಪ್‌ಲೋಡ್ ಆದ ನಂತರವೂ ಜಾಲತಾಣದಲ್ಲಿ ಆ ಪತ್ರವನ್ನು ತೆರೆದು ನೋಡತಕ್ಕದ್ದು.

ಒಬ್ಬ ಅರ್ಜಿದಾರರಿಗೆ ಒಂದು ಫೋಲ್ಡರ್ ಎಂಬ ಕ್ರಮವನ್ನು ಪಾಲಿಸಿದಲ್ಲಿ ಒಬ್ಬರ ಪತ್ರ ಇನ್ನೊಬ್ಬರ ಅರ್ಜಿಗೆ ಸೇರುವುದನ್ನು ತಪ್ಪಿಸಬಹುದು. ಅರ್ಜಿ ಸಲ್ಲಿಕೆಯಾದ ನಂತರ ಸೇವಾ ಕೇಂದ್ರದ ಗಣಕಯಂತ್ರದಲ್ಲಿ ಉಳಿದ ಆಧಾರ್ ಮುಂತಾದ ಪ್ರತಿಗಳನ್ನು ಅಳಿಸಲು ಅರ್ಜಿದಾರರು ತಿಳಿಸಬಹುದು.

8. ವಿಳಂಬ ಅಥವಾ ತಿರಸ್ಕಾರವಾದಲ್ಲಿ

8.1 ಸಕಾಲ ಮೇಲ್ಮನವಿ: ನಿಗದಿತ ದಿನದೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೊದಲನೆಯ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ಮೇಲ್ಮನವಿಯಲ್ಲಿ ಸಕಾಲ ಸಂಖ್ಯೆಯನ್ನು ತಪ್ಪದೆ ನಮೂದಿಸಬೇಕು.

8.2 ಮಾಹಿತಿ ಹಕ್ಕು: ಸ್ಥಿತಿಯ ಬಗ್ಗೆ ಉತ್ತರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಕಡತವನ್ನು ಖುದ್ದಾಗಿ ಪರಿವೀಕ್ಷಿಸುವ ಮತ್ತು ಟಿಪ್ಪಣಿ ಹಾಳೆಗಳ ಪ್ರತಿ ಪಡೆಯುವ ಅವಕಾಶವೂ ಇದೆ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ನೀಡಬೇಕು. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿಯು ಒಂದು ವಿಷಯಕ್ಕೆ ಸೀಮಿತವಾಗಿದ್ದು, 150 ಪದಗಳನ್ನು ಮೀರಬಾರದು. "ನನ್ನ ಅರ್ಜಿ ಏಕೆ ತಡವಾಗಿದೆ" ಎಂದು ಕೇಳುವುದಕ್ಕಿಂತ "ಇಂತಹ ಸಂಖ್ಯೆಯ ಅರ್ಜಿಯು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಅಧಿಕಾರಿಯ ಹಂತದಲ್ಲಿತ್ತು, ಟಿಪ್ಪಣಿಯ ಪ್ರತಿ ನೀಡಿ" ಎಂದು ಕೇಳಿದಲ್ಲಿ ದಾಖಲೆಯಿಂದಲೇ ಉತ್ತರ ನೀಡಲು ಸಾಧ್ಯವಾಗುತ್ತದೆ.

8.3 ಮ್ಯುಟೇಷನ್ ಆದೇಶ: ಮ್ಯುಟೇಷನ್ ನೋಟಿಸು ಬಂದಲ್ಲಿ ಅದರಲ್ಲಿ ನಮೂದಿಸಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಆದೇಶವಾದ ನಂತರ ಭೂಕಂದಾಯ ಅಧಿನಿಯಮದ ಕಲಂ 136ರಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ, ನಂತರ ಜಿಲ್ಲಾಧಿಕಾರಿಗಳಿಗೆ ಪುನರೀಕ್ಷಣಾ ಅರ್ಜಿ ಸಲ್ಲಿಸಬಹುದು. ಜಮೀನಿನ ಮಾಲೀಕತ್ವದ ಬಗ್ಗೆಯೇ ವಿವಾದವಿದ್ದಲ್ಲಿ ಅದು ಸಿವಿಲ್ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕು.

9. ಉದಾಹರಣೆ

ಮುಳಬಾಗಿಲು ತಾಲ್ಲೂಕು ಆವಣಿ ಹೋಬಳಿಯ ಮಹಿಳೆಯೊಬ್ಬರು ಮೃತ ಪತಿಯ ಹೆಸರಿನಲ್ಲಿರುವ ಜಮೀನಿಗೆ ಪೌತಿ ಖಾತೆ ಕೋರಿ ಅರ್ಜಿ ಸಲ್ಲಿಸಿದ್ದಾರೆ ಎಂದು ಭಾವಿಸೋಣ. ಎರಡು ತಿಂಗಳ ನಂತರವೂ ಪಹಣಿಯಲ್ಲಿ ಪತಿಯ ಹೆಸರೇ ಇದೆ. ಅವರು ಈ ಕ್ರಮದಲ್ಲಿ ಪರಿಶೀಲಿಸಬಹುದು.

ಮೊದಲು, ಸ್ವೀಕೃತಿಯಲ್ಲಿರುವ ಸಂಖ್ಯೆಯನ್ನು ನೀಡಿ ಅರ್ಜಿ ಇದೆಯೇ ಎಂದು ನೋಡುವುದು. ಎರಡನೆಯದಾಗಿ, ಅರ್ಜಿಯಲ್ಲಿ ನಮೂದಾದ ಗ್ರಾಮ ಮತ್ತು ಸರ್ವೆ ನಂಬರ್ ಪಹಣಿಯೊಂದಿಗೆ ಹೊಂದುತ್ತವೆಯೇ ಎಂದು ನೋಡುವುದು. ಪತಿಗೆ ಎರಡು ಸರ್ವೆ ನಂಬರುಗಳಲ್ಲಿ ಜಮೀನಿದ್ದು ಅರ್ಜಿಯಲ್ಲಿ ಒಂದೇ ಬಂದಿರಬಹುದು. ಮೂರನೆಯದಾಗಿ, ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷ ಸೇರಿವೆಯೇ ಹಾಗೂ ವಂಶವೃಕ್ಷದಲ್ಲಿ ಎಲ್ಲ ವಾರಸುದಾರರ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿದಂತೆ, ಹೆಸರುಗಳಿವೆಯೇ ಎಂದು ನೋಡುವುದು. ನಾಲ್ಕನೆಯದಾಗಿ, ಯಾರ ಹಂತದಲ್ಲಿದೆ ಎಂದು ಕೇಳುವುದು. ತಕರಾರು ಬಂದಿದ್ದಲ್ಲಿ ವಿಚಾರಣೆಯ ದಿನಾಂಕ ಬರೆದುಕೊಳ್ಳುವುದು. ಐದನೆಯದಾಗಿ, ಮ್ಯುಟೇಷನ್ ಅನುಮೋದನೆಯಾಗಿದೆ ಎಂಬ ಉತ್ತರ ಬಂದಲ್ಲಿ ಅದರ ಸಂಖ್ಯೆ ಮತ್ತು ದಿನಾಂಕ ಪಡೆದು, ತಮ್ಮ ಬಳಿ ಇರುವ ಪಹಣಿಯು ಆ ದಿನಾಂಕದ ಮುಂಚಿನದೇ ಎಂದು ಹೋಲಿಸುವುದು. ಹಾಗಿದ್ದಲ್ಲಿ ಹೊಸ ಪಹಣಿ ಪಡೆದರೆ ಸಾಕು, ಮತ್ತೊಂದು ಅರ್ಜಿ ಬೇಕಿಲ್ಲ.

ಒಂದೇ ಕೋರಿಕೆಗೆ ಎರಡನೆಯ ಅರ್ಜಿ ಸಲ್ಲಿಸುವುದರಿಂದ ಎರಡು ಪ್ರಕರಣಗಳು ಉಂಟಾಗಿ ಒಂದು ಇನ್ನೊಂದಕ್ಕೆ ಅಡ್ಡಿಯಾಗಬಹುದು. ಮೊದಲನೆಯದರ ಸ್ಥಿತಿ ಖಚಿತವಾಗುವ ಮುನ್ನ ಹೊಸ ಅರ್ಜಿ ಸಲ್ಲಿಸಬಾರದು.

10. ಕಚೇರಿಗೆ ಬರುವಾಗ ತರಬೇಕಾದ ವಿವರಗಳು

- ಸ್ವೀಕೃತಿ ಅಥವಾ ಅದರ ಸಂಖ್ಯೆ ಮತ್ತು ದಿನಾಂಕ
- ಕಡತ ಸಂಖ್ಯೆ, ತಿಳಿದಿದ್ದಲ್ಲಿ
- ಹೋಬಳಿ, ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್
- ಇತ್ತೀಚಿನ ಪಹಣಿ
- ಈ ಹಿಂದೆ ದೊರೆತ ಹಿಂಬರಹ ಅಥವಾ ನೋಟಿಸು
- ಪ್ರತಿ ಭೇಟಿಯ ದಿನಾಂಕ, ಭೇಟಿಯಾದ ಶಾಖೆ ಮತ್ತು ದೊರೆತ ಉತ್ತರವನ್ನು ಬರೆದಿಟ್ಟ ಹಾಳೆ

ಸ್ಥಿತಿಯನ್ನು ತಿಳಿಯುವುದು ಅರ್ಜಿದಾರರ ಹಕ್ಕಾಗಿದ್ದು, ಅದಕ್ಕಾಗಿ ಮಧ್ಯವರ್ತಿಗಳನ್ನು ಅವಲಂಬಿಸುವ ಅಗತ್ಯವಿರುವುದಿಲ್ಲ. ಮೇಲಿನ ಐದು ಅಂಶಗಳಿಗೆ ಸಂಖ್ಯೆ ಮತ್ತು ದಿನಾಂಕ ಸಹಿತ ಉತ್ತರ ಪಡೆದು, ಕಾಲಮಿತಿಯೊಳಗೆ ಮುಂದಿನ ಕ್ರಮ ಕೈಗೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.